ಒಣಗಿದ ಬಾಯಿಯಲ್ಲಿ ವೈರಸ್ಸಿನ ಹೆಜ್ಜೆ

ಧಾರವಾಡದ ನಮ್ಮ ಚಿಗವ್ವ ಊಟಕ್ಕೆ ಕೂತರೆ ತಾಟಿನ ಪಕ್ಕ ಎರಡು ತಂಬಿಗೆ ನೀರು ಇರಲೇಬೇಕು. ಕಡಕ್ ರೊಟ್ಟಿಯ ಚೂರೊಂದನ್ನು ಮುರಿದು ಬಾಯಿಗಿಡುತ್ತಾಳೆ, ಒಂದು ಗುಟುಕು ನೀರು ಕುಡಿಯುತ್ತಾಳೆ, ಆಮೇಲೆ ಅಗಿಯುತ್ತಾಳೆ. "ನೀರು ಬಾಜೂಕ ಇಲ್ಲಾಂದ್ರ ರೊಟ್ಟಿ ಗಂಟಲಾಗ ಇಳಿಯೂದಿಲ್ಲ ನೋಡು" ಎನ್ನುತ್ತಾಳೆ. ಮೊದಮೊದಲು ನಾವ್ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ವಯಸ್ಸು ಐವತ್ತಾಯಿತು, ಮುಟ್ಟು ನಿಂತಿದೆ, ಉಷ್ಣದ ಮೈ ಎಂದುಕೊಂಡೆವು. ಆಮೇಲೆ ಒಂದೊಂದಾಗಿ ಹಲ್ಲು ಒಸಡಿನ ಬುಡದಲ್ಲೇ ಹುಳುಕಾಗಿ ಮುರಿದವು. ಕಣ್ಣಿನಲ್ಲಿ ಸದಾ ಮರಳು ಬಿದ್ದಂತೆ ಉರಿ. ಅವಳ ಅಣ್ಣ ತೀರಿಕೊಂಡ ದಿನ ಗಂಟಲು ಬಿಗಿದು ಅತ್ತಳು, ಆದರೆ ಕಣ್ಣಿಂದ ಒಂದು ಹನಿ ಬರಲಿಲ್ಲ. ಸುತ್ತ ಕೂತ ಹೆಂಗಸರು ಅದನ್ನು ಗಮನಿಸಿದ್ದರು. ಆ ಸಂಕಟವನ್ನು ಅವಳು ಇವತ್ತಿಗೂ ಮರೆತಿಲ್ಲ.

ಹಲ್ಲಿನವರು ಹಲ್ಲು ನೋಡಿದರು, ಕಣ್ಣಿನವರು ಕಣ್ಣು ನೋಡಿದರು, ಮೂಳೆಯವರು ಮಂಡಿ ನೋಡಿದರು. ಹೀಗೆ ಆರು ವರ್ಷ ಕಳೆದವು. ಕೊನೆಗೆ ದಂತವೈದ್ಯೆಯಾಗಿದ್ದ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, "ಬಾಯಿ ಒಣಗಿದಂಗ ಕಣ್ಣೂ ಒಣಗ್ತಾವೇನ್ರಿ ಅಮ್ಮಾರ?" ಎಂದು ಕೇಳಿ, ಕೀಲುವಾತದ ತಜ್ಞರಾದ ರುಮಟಾಲಜಿಸ್ಟ್ ಒಬ್ಬರ ಹತ್ತಿರ ಕಳಿಸಿದಳು. ರೋಗಕ್ಕೆ ಹೆಸರು ಸಿಕ್ಕಿದ್ದು ಆಗ: ಶೋಗ್ರೆನ್. ಹೆಸರು ತಿಳಿದ ದಿನ ಚಿಗವ್ವ ಕೇಳಿದ್ದು ಒಂದೇ ಪ್ರಶ್ನೆ. "ಇದು ನನಗ ಯಾಕ ಬಂತು? ಆಗೊಮ್ಮೆ ಜ್ವರಾ ಬಂದಿತ್ತಲ್ಲ, ಅದರಿಂದನೇನು?"

ಡಾಕ್ಟರು ಪ್ರಾಮಾಣಿಕರು. ಗೊತ್ತಿಲ್ಲ ಅಂದರು. ಆದರೆ ಚಿಗವ್ವನ ಪ್ರಶ್ನೆ ತಪ್ಪು ಪ್ರಶ್ನೆಯಲ್ಲ. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ನಲವತ್ತು ವರ್ಷಗಳಿಂದ ಕೇಳುತ್ತಿರುವುದೂ ಅದನ್ನೇ.

ಜೊಲ್ಲು ಎಂದರೆ ನಮಗೆ ಅಸಡ್ಡೆ. ಎಂಜಲು ಅನ್ನುವ ಮಾತಿನಲ್ಲೇ ಮೈಲಿಗೆ ಇದೆ. ಆದರೆ ಆರೋಗ್ಯವಂತರ ಬಾಯಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಮೂರು ಜೋಡಿ ದೊಡ್ಡ ಗ್ರಂಥಿಗಳಿವೆ. ತುಟಿ, ಕೆನ್ನೆ, ಅಂಗುಳದ ಒಳಪದರದಲ್ಲಿ ನೂರಾರು ಪುಟ್ಟ ಗ್ರಂಥಿಗಳಿವೆ. ಹಲ್ಲನ್ನು ಹುಳಿಯಿಂದ ಕಾಯುವುದು, ಬೂಸ್ಟನ್ನು ಹದ್ದುಬಸ್ತಿನಲ್ಲಿಡುವುದು, ತುತ್ತನ್ನು ಜಾರುವಂತೆ ಮಾಡುವುದು, ರುಚಿಯನ್ನು ನಾಲಿಗೆಗೆ ಮುಟ್ಟಿಸುವುದು, ಮಾತು ತಡವರಿಸದಂತೆ ನೋಡಿಕೊಳ್ಳುವುದು ಎಲ್ಲ ಈ ತೆಳುನೀರಿನ ಕೆಲಸ. ಅದು ಬತ್ತಿದಾಗಲೇ ಅದರ ಬೆಲೆ ತಿಳಿಯುವುದು.

ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ 19 ಹೆಂಗಸರ ಕಥೆ ಬರೆದರು. ಎಲ್ಲರಿಗೂ ಕಣ್ಣು ಒಣಗಿತ್ತು, 13 ಮಂದಿಗೆ ಕೀಲುವಾತವೂ ಇತ್ತು. ಕಣ್ಣು, ಬಾಯಿ, ಕೀಲು ಮೂರೂ ಒಂದೇ ಕಾಯಿಲೆಯ ಮುಖಗಳು ಎಂದು ಅವರು ವಾದಿಸಿದರು. ಪ್ರಬಂಧಕ್ಕೆ ಸಿಕ್ಕಿದ ದರ್ಜೆ ಎಷ್ಟು ಸಾಧಾರಣವಾಗಿತ್ತೆಂದರೆ ವಿಶ್ವವಿದ್ಯಾಲಯದ ಬಾಗಿಲು ಅವರಿಗೆ ಮುಚ್ಚಿಹೋಯಿತು. ಹತ್ತು ವರ್ಷದ ನಂತರ ಆಸ್ಟ್ರೇಲಿಯದ ಬ್ರೂಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಲೋಕ ಅದನ್ನು ಓದಿತು. ಈಗ ನಮಗೆ ಗೊತ್ತಿರುವಂತೆ, ಒಬ್ಬ ಗಂಡಸಿಗೆ ಈ ರೋಗ ಬಂದರೆ ಒಂಬತ್ತು ಹೆಂಗಸರಿಗೆ ಬರುತ್ತದೆ. ಹೆಚ್ಚಿನವರಲ್ಲಿ ಕಾಣಿಸಿಕೊಳ್ಳುವುದು ನಲವತ್ತು ಐವತ್ತರ ವಯಸ್ಸಿನಲ್ಲಿ. ಟೆನಿಸ್ ತಾರೆ ವೀನಸ್ ವಿಲಿಯಮ್ಸ್ 2011ರಲ್ಲಿ ತಮಗೆ ಈ ರೋಗವಿದೆ ಎಂದು ಹೇಳಿಕೊಂಡಾಗ ಎಷ್ಟೋ ಜನ ಈ ಹೆಸರನ್ನು ಮೊದಲ ಸಲ ಕೇಳಿದ್ದರು.

ರೋಗದ ಒಳಗುಟ್ಟು ತಿಳಿಯಬೇಕಾದರೆ ತುಟಿಯ ಬಯಾಪ್ಸಿ ನೋಡಬೇಕು. ಕೆಳತುಟಿಯನ್ನು ಹೊರಕ್ಕೆ ಮಡಚಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಳಪದರದಲ್ಲಿ ಒಂದು ಸಣ್ಣ ಗೀರು ಹಾಕುತ್ತಾರೆ. ನೆನೆಸಿದ ಸಬ್ಬಕ್ಕಿ ಕಾಳಿನಂಥ ನಾಲ್ಕೈದು ಗ್ರಂಥಿಗಳು ಅಲ್ಲಿ ಇಣುಕುತ್ತವೆ. ಅವನ್ನು ತೆಗೆದು ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಆರೋಗ್ಯವಾದ ಗ್ರಂಥಿ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತದೆ: ನಡುವೆ ನಾಳ, ಸುತ್ತ ಜೊಲ್ಲು ತಯಾರಿಸುವ ಕೋಶಗಳು. ಶೋಗ್ರೆನ್ ಇದ್ದವರಲ್ಲಿ ನಾಳದ ಸುತ್ತ ಕಡುನೀಲಿ ಚುಕ್ಕೆಗಳ ದಂಡು ಮುತ್ತಿಗೆ ಹಾಕಿರುತ್ತದೆ. ಅವು ಲಿಂಫೋಸೈಟುಗಳು, ರೋಗಾಣುಗಳ ಜತೆ ಕಾದಾಡಲೆಂದು ನಮ್ಮ ದೇಹವೇ ಸಾಕಿಕೊಂಡಿರುವ ಬಿಳಿ ರಕ್ತಕಣಗಳು. ಐವತ್ತಕ್ಕೂ ಹೆಚ್ಚು ಕಣಗಳ ಒಂದು ಗುಂಪು ನಾಲ್ಕು ಚದರ ಮಿಲಿಮೀಟರಿನಲ್ಲಿ ಕಂಡರೆ ರೋಗಕ್ಕೆ ಬಲವಾದ ಸಾಕ್ಷಿ ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ರಕ್ಷಣೆಗೆ ಇರುವ ಸೈನ್ಯವೇ ಗ್ರಂಥಿಯನ್ನು ತಿನ್ನುತ್ತಿರುತ್ತದೆ. ಇಂಥವನ್ನೇ ಆಟೋಇಮ್ಯೂನ್ ಕಾಯಿಲೆಗಳು ಎನ್ನುವುದು.

ಆದರೆ ಸೈನ್ಯ ಸುಮ್ಮನೆ ಏಳುತ್ತದೆಯೇ? ನಮ್ಮ ತರ್ಕಶಾಸ್ತ್ರದವರು ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿಯನ್ನು ಊಹಿಸುತ್ತಾರೆ. ಶೋಗ್ರೆನ್ ರೋಗಿಗಳಲ್ಲಿ ಕಾಣುವ ಹೊಗೆಯ ಹೆಸರು ಇಂಟರ್‌ಫೆರಾನ್. ವೈರಸ್ ಒಳಹೊಕ್ಕ ಕೋಶ ಅಕ್ಕಪಕ್ಕದವರನ್ನು ಎಚ್ಚರಿಸಲು ಸ್ರವಿಸುವ ವಸ್ತು ಅದು. ಬಹುಪಾಲು ರೋಗಿಗಳ ರಕ್ತದಲ್ಲಿ, ಗ್ರಂಥಿಯಲ್ಲಿ, ಇಂಟರ್‌ಫೆರಾನ್ ಎಬ್ಬಿಸುವ ಜೀನುಗಳು ಎಡೆಬಿಡದೆ ಉರಿಯುತ್ತಿರುತ್ತವೆ. ವೈರಲ್ ಜ್ವರ ಬಂದವರ ಮೈಯಲ್ಲಿ ಕೆಲವು ದಿನ ಇರಬೇಕಾದ ಆ ಎಚ್ಚರಿಕೆ ಇಲ್ಲಿ ವರ್ಷಗಟ್ಟಲೆ ಆರುವುದಿಲ್ಲ.

ಇನ್ನೊಂದು ಸುಳಿವು ಇದಕ್ಕಿಂತ ಬೆರಗು ಹುಟ್ಟಿಸುವಂಥದ್ದು. ಶೋಗ್ರೆನ್ ಪತ್ತೆಗೆ ಮಾಡುವ ರಕ್ತಪರೀಕ್ಷೆಯಲ್ಲಿ ಹುಡುಕುವುದು 'ರೋ' ಮತ್ತು 'ಲಾ' ಎಂಬ ಪ್ರೋಟೀನುಗಳ ವಿರುದ್ಧ ಹುಟ್ಟಿದ ಆಂಟಿಬಾಡಿಗಳನ್ನು. ಮೊದಲು ಅವು ಕಂಡುಬಂದ ರೋಗಿಗಳ ಹೆಸರಿನ ಮೊದಲೆರಡು ಅಕ್ಷರಗಳೇ ಈ ಹೆಸರುಗಳು. ಮನುಷ್ಯನ ಕೋಶದೊಳಗೆ ಸಾವಿರಾರು ಬಗೆಯ ಪ್ರೋಟೀನುಗಳಿವೆ. ದೇಹ ದಾರಿತಪ್ಪಿ ತನ್ನ ಮೇಲೆಯೇ ಎರಗುವುದಾದರೆ ಇವೇ ಯಾಕೆ ಗುರಿಯಾದವು?

ಉತ್ತರ ಚೂರುಚೂರಾಗಿ ಬಂತು. 1981ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಸ್ ಅವರ ತಂಡ, ಲಾ ಪ್ರೋಟೀನು ಎಪ್‌ಸ್ಟೈನ್-ಬಾರ್ ವೈರಸ್ಸಿನ ಪುಟ್ಟ ಆರ್‌ಎನ್‌ಎ ತುಣುಕುಗಳಿಗೆ ಅಂಟಿಕೊಂಡಿರುವುದನ್ನು ಕಂಡಿತು. 2010ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ರೋ ಬಳಗದ 'ರೋ52' ಎಂಬ ಪ್ರೋಟೀನಿನ ನಿಜವಾದ ಉದ್ಯೋಗವನ್ನು ಹೊರಗೆಡವಿದರು. ಆಂಟಿಬಾಡಿ ಮೆತ್ತಿಕೊಂಡ ವೈರಸ್ ಕೋಶದೊಳಕ್ಕೆ ನುಗ್ಗಿದರೆ ಅದನ್ನು ಹಿಡಿದು ನುಚ್ಚುನೂರು ಮಾಡಿಸುವ ಕಾವಲುಗಾರ ಅದು! ಅಂದರೆ ರೋಗಿಯ ದೇಹ ಶತ್ರುವೆಂದು ಗುರುತಿಸುತ್ತಿರುವುದು ವೈರಸ್ಸುಗಳ ಜತೆ ಒಡನಾಡುವ, ಹೊಡೆದಾಡುವ ತನ್ನದೇ ಪ್ರೋಟೀನುಗಳನ್ನು. ಜಗಳ ಬಿಡಿಸಲು ಹೋದವನನ್ನೂ ಕಳ್ಳನ ಜತೆ ಸೇರಿಸಿ ಕಟ್ಟಿಹಾಕಿದ ಹಾಗೆ. ಅದರ ಜತೆಗೆ, ಕೋಶ ಸಾಯುವಾಗ ಒಳಗಿನ ರೋ ಮತ್ತು ಲಾ ಅದರ ಮೇಲ್ಮೈಯ ಗುಳ್ಳೆಗಳಿಗೆ ಬಂದು ಸೇರುತ್ತವೆ, ದಾರಿಹೋಕ ಲಿಂಫೋಸೈಟುಗಳ ಕಣ್ಣಿಗೆ ಬೀಳುತ್ತವೆ. ಇದನ್ನೆಲ್ಲ ಬರಿಯ ಕಾಕತಾಳೀಯ ಎಂದು ತಳ್ಳಿಹಾಕಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಯಾವ ವೈರಸ್? ಮೊದಲ ಅನುಮಾನ ಬೀಳುವುದು ಎಪ್‌ಸ್ಟೈನ್-ಬಾರ್ ಮೇಲೆಯೇ. ಉಗಾಂಡದ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಗಡ್ಡೆಯ ತುಣುಕುಗಳನ್ನು ವಿಮಾನದಲ್ಲಿ ಲಂಡನ್ನಿಗೆ ತರಿಸಿಕೊಂಡು, ಆಂಟನಿ ಎಪ್‌ಸ್ಟೈನ್, ಇವೋನ್ ಬಾರ್, ಬರ್ಟ್ ಅಚಾಂಗ್ ಮೂವರೂ ಸೇರಿ 1964ರಲ್ಲಿ ಪತ್ತೆ ಮಾಡಿದ ವೈರಸ್ ಇದು. ಹರಡುವುದು ಜೊಲ್ಲಿನ ಮೂಲಕ. ಮಗುವಿಗೆ ತಾನು ಅಗಿದ ತುತ್ತು ಕೊಡುವ ತಾಯಿ, ಒಂದೇ ಲೋಟಕ್ಕೆ ಬಾಯಿ ಹಚ್ಚುವ ಗೆಳೆಯರು, ಎಲ್ಲರೂ ಅರಿವಿಲ್ಲದೆ ಇದನ್ನು ದಾಟಿಸುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಎಳವೆಯಲ್ಲೇ ಸದ್ದಿಲ್ಲದೆ ಬಂದು ಸೇರಿರುತ್ತದೆ. ಒಮ್ಮೆ ಬಂದರೆ ಜೀವಮಾನವಿಡೀ ಬಿ-ಲಿಂಫೋಸೈಟುಗಳಲ್ಲಿ ಅಡಗಿ ಕೂರುತ್ತದೆ, ಆಗಾಗ ಎದ್ದು ಜೊಲ್ಲಿಗೆ ಇಳಿಯುತ್ತದೆ. ಆಂಟಿಬಾಡಿ ತಯಾರಿಸುವುದು ಇದೇ ಬಿ-ಕಣಗಳ ವಂಶ. ಶೋಗ್ರೆನ್‌ನಲ್ಲಿ ಹುಚ್ಚೆದ್ದು ದುಡಿಯುವುದೂ ಇವೇ. ನೂರರಲ್ಲಿ ಸುಮಾರು ಐದು ರೋಗಿಗಳಲ್ಲಿ ಮುಂದೆ ಲಿಂಫೋಮ ಎಂಬ ಕ್ಯಾನ್ಸರ್ ಆಗಿ ತಿರುಗುವುದೂ ಹೆಚ್ಚಾಗಿ ಇವುಗಳಿಂದಲೇ.

1986ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಫಾಕ್ಸ್ ಮತ್ತು ಸಂಗಡಿಗರು ಶೋಗ್ರೆನ್ ರೋಗಿಗಳ ಜೊಲ್ಲುಗ್ರಂಥಿಯಲ್ಲಿ ಈ ವೈರಸ್ಸಿನ ಡಿಎನ್‌ಎ ಮತ್ತು ಪ್ರೋಟೀನುಗಳನ್ನು ತೋರಿಸಿದಾಗ, ಅಪರಾಧಿ ಸಿಕ್ಕೇಬಿಟ್ಟ ಅನ್ನಿಸಿತ್ತು. ಆದರೆ ಬೇರೆ ಪ್ರಯೋಗಾಲಯಗಳು ಹುಡುಕಿದಾಗ ಆರೋಗ್ಯವಂತರ ಗ್ರಂಥಿಯಲ್ಲೂ ಅದು ಸಿಕ್ಕಿತು. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರೊಳಗೆ ಇರುವ ವೈರಸ್ ಇದು. ಊರಿಗೆ ಊರೇ ಜಾತ್ರೆಯಲ್ಲಿದ್ದ ದಿನ ನಡೆದ ಕಳ್ಳತನಕ್ಕೆ, ಜಾತ್ರೆಯಲ್ಲಿ ಕಂಡ ಅನ್ನುವ ಒಂದೇ ಕಾರಣಕ್ಕೆ ಒಬ್ಬನನ್ನು ಹಿಡಿಯಲಾದೀತೆ?

ಅಲ್ಲಿಂದ ಮುಂದೆ ಸಂಶೋಧಕರು ಪ್ರಶ್ನೆಯನ್ನೇ ಬದಲಿಸಿಕೊಂಡರು. ವೈರಸ್ ಇದೆಯೇ ಎನ್ನುವ ಬದಲು, ಅದು ಎಲ್ಲಿ ಕೂತು ಏನು ಮಾಡುತ್ತಿದೆ ಎಂದು ಕೇಳತೊಡಗಿದರು. ಅಮೆರಿಕದ ಓಕ್ಲಹೋಮದ ತಂಡವೊಂದು 2005ರಲ್ಲಿ, ಶೋಗ್ರೆನ್‌ನ ಹಾಗೆಯೇ ಆಟೋಇಮ್ಯೂನ್ ಕಾಯಿಲೆಯಾದ ಲೂಪಸ್ ಇರುವ ರೋಗಿಗಳನ್ನು ಪರಿಶೀಲಿಸಿ, ಅವರಲ್ಲಿ ರೋ ವಿರುದ್ಧ ಮೊಟ್ಟಮೊದಲು ಹುಟ್ಟುವ ಆಂಟಿಬಾಡಿ ಎಪ್‌ಸ್ಟೈನ್-ಬಾರ್‌ನ ಒಂದು ಪ್ರೋಟೀನನ್ನೂ ಹಿಡಿಯುತ್ತದೆ ಎಂದು ತೋರಿಸಿತು. ಅವಳಿ ಮಕ್ಕಳಂತೆ ಹೋಲುವ ಎರಡು ತುಣುಕುಗಳು, ಒಂದು ವೈರಸ್ಸಿನದು, ಒಂದು ನಮ್ಮದು. ಒಂದಕ್ಕೆಂದು ಮಸೆದ ಕತ್ತಿ ಇನ್ನೊಂದನ್ನೂ ಕಡಿಯಿತು. 2014ರಲ್ಲಿ ಲಂಡನ್ನಿನ ಸಂಶೋಧಕರು, ಲಿಂಫೋಸೈಟುಗಳು ಶಾಶ್ವತ ಠಾಣೆ ಹೂಡಿದ ಶೋಗ್ರೆನ್ ಗ್ರಂಥಿಗಳಲ್ಲೇ ಈ ವೈರಸ್ ಚುರುಕಾಗಿರುವುದನ್ನು, ಅದರಲ್ಲೂ ರೋ52 ವಿರುದ್ಧ ಆಂಟಿಬಾಡಿ ತಯಾರಿಸುವ ಕಣಗಳಲ್ಲೇ ಅದು ಸೇರಿಕೊಂಡಿರುವುದನ್ನು ಕಂಡರು. ಇದರ ನಡುವೆ ಬೇರೊಂದು ಕಾಯಿಲೆಯ ಸುದ್ದಿ ಬಂತು. ಒಂದು ಕೋಟಿಗೂ ಮಿಕ್ಕಿದ ಅಮೆರಿಕದ ಸೈನಿಕರ ದಾಖಲೆಗಳನ್ನು ಜಾಲಾಡಿದ 2022ರ ಅಧ್ಯಯನವೊಂದು, ಎಪ್‌ಸ್ಟೈನ್-ಬಾರ್ ಸೋಂಕಿನ ನಂತರ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರಗಳ ಕಾಯಿಲೆ ಬರುವ ಸಾಧ್ಯತೆ 32 ಪಟ್ಟು ಏರುತ್ತದೆ ಎಂದಿತು. ಎಲ್ಲರೊಳಗೂ ಇರುವ ವೈರಸ್ ಕೆಲವರಲ್ಲಿ ಮಾತ್ರ ರೋಗ ಹೊತ್ತಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಇಷ್ಟು ದಿನ ಇರಲಿಲ್ಲ. ಶೋಗ್ರೆನ್‌ಗೆ ಅಂಥದ್ದೊಂದು ಅಧ್ಯಯನ ಇನ್ನೂ ಆಗಬೇಕಿದೆ.

ಜೊಲ್ಲುಗ್ರಂಥಿಗೆ ಪೆಟ್ಟು ಕೊಡುವುದರಲ್ಲಿ ಅನುಮಾನವೇ ಬೇಡದ ವೈರಸ್ಸುಗಳೂ ಇವೆ. ಜಪಾನಿನ ನೈರುತ್ಯ ಭಾಗದಲ್ಲಿ, ನಾಗಸಾಕಿಯ ಸುತ್ತಮುತ್ತ, ಎಚ್‌ಟಿಎಲ್‌ವಿ-1 ಎಂಬ ವೈರಸ್ ತಲೆಮಾರುಗಳಿಂದ ತಾಯಿಯ ಹಾಲಿನ ಮೂಲಕ ದಾಟುತ್ತ ಬಂದಿದೆ. ಅಲ್ಲಿನ ಶೋಗ್ರೆನ್ ರೋಗಿಗಳಲ್ಲಿ ಅದರ ಸೋಂಕು ಉಳಿದವರಿಗಿಂತ ಹೆಚ್ಚು ಎಂದು 1994ರಲ್ಲಿ ವರದಿಯಾಯಿತು. ಅದಕ್ಕೂ ಮೊದಲೇ, 1989ರಲ್ಲಿ, ಆ ವೈರಸ್ಸಿನ ಒಂದೇ ಒಂದು ಜೀನನ್ನು ಇಲಿಗಳಿಗೆ ಸೇರಿಸಿದಾಗ ಅವುಗಳ ಜೊಲ್ಲುಗ್ರಂಥಿ, ಕಣ್ಣೀರಿನ ಗ್ರಂಥಿ ಶೋಗ್ರೆನ್‌ನಂತೆಯೇ ಹಾಳಾದದ್ದು ಕಂಡಿತ್ತು. ಎಚ್‌ಐವಿ ಇರುವ ಕೆಲವರಲ್ಲೂ ಕಿವಿಯ ಮುಂದಿನ ಗ್ರಂಥಿ ಊದಿ ಬಾಯಿ ಒಣಗುತ್ತದೆ. ಆದರೆ ಅಲ್ಲಿ ಮುತ್ತುವ ಲಿಂಫೋಸೈಟುಗಳ ಜಾತಿಯೇ ಬೇರೆ, ರೋ ಆಂಟಿಬಾಡಿಯೂ ಸಾಮಾನ್ಯವಾಗಿ ಇರುವುದಿಲ್ಲ.

ಇವುಗಳಲ್ಲಿ ನಮ್ಮ ಓದುಗರು ನೆನಪಿಡಬೇಕಾದದ್ದು ಹೆಪಟೈಟಿಸ್ ಸಿ. ಯಕೃತ್ತಿನ ಈ ವೈರಸ್ ಜೊಲ್ಲುಗ್ರಂಥಿಯನ್ನೂ ಬಿಡುವುದಿಲ್ಲ. ದೀರ್ಘಕಾಲ ಈ ಸೋಂಕಿರುವವರ ತುಟಿಯ ಬಯಾಪ್ಸಿಯಲ್ಲಿ ಲಿಂಫೋಸೈಟುಗಳ ಮುತ್ತಿಗೆ ಕಾಣುತ್ತದೆ ಎಂದು 1992ರಲ್ಲೇ ಫ್ರಾನ್ಸಿನ ವೈದ್ಯರು ಬರೆದರು. ಒಣಬಾಯಿ, ಒಣಗಣ್ಣು, ಕೀಲುನೋವು ಎಲ್ಲವೂ ಶೋಗ್ರೆನ್‌ನ ತದ್ರೂಪು. ಎಷ್ಟರಮಟ್ಟಿಗೆ ಎಂದರೆ, ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಜೀವಂತವಾಗಿದ್ದರೆ ಶೋಗ್ರೆನ್ ಎಂಬ ಪಟ್ಟಿಗೆ ಸೇರಿಸಬಾರದು ಎಂದು ರೋಗನಿರ್ಣಯದ ಅಂತಾರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಈ ವೈರಸ್ಸನ್ನು ಇವತ್ತು ಮೂರು ತಿಂಗಳ ಮಾತ್ರೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಜನರಲ್ಲಿ ಪೂರ್ತಿ ತೊಲಗಿಸಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಹಿಂದೆಂದೋ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸಿಕೊಂಡವರು, ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಚುಚ್ಚುತ್ತಿದ್ದ ಕಾಲದಲ್ಲಿ ಇಂಜೆಕ್ಷನ್ ತೆಗೆದುಕೊಂಡವರು ಬಾಯಿ ಒಣಗುತ್ತದೆ ಎಂದರೆ ಈ ಒಂದು ಪರೀಕ್ಷೆ ಬಿಟ್ಟುಹೋಗಬಾರದು.

ಎಲ್ಲ ಅನುಮಾನಗಳೂ ನಿಲ್ಲಲಿಲ್ಲ. ಗ್ರೀಸ್ ದೇಶದ ಸಂಶೋಧಕರು 2004ರಲ್ಲಿ ಶೋಗ್ರೆನ್ ರೋಗಿಗಳ ಗ್ರಂಥಿಯಲ್ಲಿ ಕಾಕ್ಸ್‌ಸ್ಯಾಕಿ ಎಂಬ ವೈರಸ್ಸಿನ ಗುರುತು ಸಿಕ್ಕಿತೆಂದರು. ಎರಡು ವರ್ಷದಲ್ಲಿ ಫ್ರಾನ್ಸಿನವರು ಹುಡುಕಿ, ನಮಗೆ ಸಿಗಲಿಲ್ಲ ಎಂದರು. ಕೋವಿಡ್ ವೈರಸ್ಸೂ ಜೊಲ್ಲುಗ್ರಂಥಿಯ ಕೋಶಗಳಿಗೆ ನೇರವಾಗಿ ಲಗ್ಗೆ ಹಾಕುತ್ತದೆ ಎಂದು 2021ರಲ್ಲಿ ಗೊತ್ತಾಯಿತು. ಆದರೆ ಅದರಿಂದ ಎಷ್ಟು ಜನರಿಗೆ ಮುಂದೆ ಶೋಗ್ರೆನ್ ಬರುತ್ತದೆ ಎಂದು ಲೆಕ್ಕ ಹಾಕಲು ಇನ್ನೂ ಕಾಲ ಸಾಲದು.

ಕಾಲ ಸಾಲದು ಎಂದೆನಲ್ಲ, ನಿಜವಾದ ತೊಡಕು ಇರುವುದು ಅಲ್ಲೇ. ಮಂಗನಬಾವು ನಮಗೆಲ್ಲ ಗೊತ್ತು. ಅದೂ ಜೊಲ್ಲುಗ್ರಂಥಿಗೆ ಬರುವ ವೈರಸ್ಸೇ. ಇವತ್ತು ಸೋಂಕು, ಎರಡು ಮೂರು ವಾರದಲ್ಲಿ ಕೆನ್ನೆ ಊದುತ್ತದೆ, ಹತ್ತು ದಿನದಲ್ಲಿ ಇಳಿಯುತ್ತದೆ. ಕಾರಣ, ಕಾರ್ಯ ಎರಡೂ ಕಣ್ಣೆದುರೇ ನಡೆಯುತ್ತವೆ. ಶೋಗ್ರೆನ್ ಹಾಗಲ್ಲ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಹಿಂದೆಂದೋ ಶೇಖರಿಸಿಟ್ಟಿದ್ದ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಮುಂದೆ ಶೋಗ್ರೆನ್ ಆದ ಅನೇಕರ ರಕ್ತದಲ್ಲಿ ರೋಗ ಪತ್ತೆಯಾಗುವುದಕ್ಕೆ ಹದಿನೆಂಟು, ಇಪ್ಪತ್ತು ವರ್ಷ ಮೊದಲೇ ರೋ ಆಂಟಿಬಾಡಿ ಇತ್ತು. ಕಿಡಿ ಬಿದ್ದದ್ದು ಅದಕ್ಕೂ ಹಿಂದೆ. ಐವತ್ತರಲ್ಲಿ ತುಟಿ ಕೊಯ್ದು ವೈರಸ್ ಹುಡುಕಿದರೆ, ಮೂವತ್ತರಲ್ಲಿ ಬಂದು ಹೋದದ್ದು ಅಲ್ಲಿ ಕೂತಿರುತ್ತದೆಯೇ? ಸ್ವೀಡನ್ನಿನದೇ ಇನ್ನೊಂದು ಅಧ್ಯಯನ, 2019ರದು, ಆಸ್ಪತ್ರೆ ದಾಖಲೆಗಳನ್ನು ಹಿಂದಕ್ಕೆ ಜಾಲಾಡಿ, ಮೊದಲು ಸೋಂಕಿಗೆ ಚಿಕಿತ್ಸೆ ಪಡೆದಿದ್ದವರಲ್ಲಿ ಶೋಗ್ರೆನ್ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಕಂಡುಕೊಂಡಿತು. ಅದರಲ್ಲೂ ಉಸಿರಾಟದ ಸೋಂಕುಗಳ ನಂಟು ಗಟ್ಟಿಯಾಗಿತ್ತು.

ಜ್ವರ ಬಿಟ್ಟರೂ ಬೇನೆ ಬಿಡದ ಅನುಭವ ಕನ್ನಡಿಗರಿಗೆ ಹೊಸದಲ್ಲ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ಹಳ್ಳಿಗಳನ್ನು ಗುಡಿಸಿಕೊಂಡು ಹೋದಾಗ ಲಕ್ಷಾಂತರ ಜನ ಮಲಗಿದರು. ವೈರಸ್ ರಕ್ತದಿಂದ ಒಂದು ವಾರದಲ್ಲಿ ಮಾಯವಾಯಿತು, ಕೀಲುನೋವು ಮಾತ್ರ ಎಷ್ಟೋ ಜನರನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಹಿಡಿದಿತ್ತು. ಚಿಗವ್ವ ಕೇಳಿದ್ದು ಆ ಜ್ವರವನ್ನೇ. ಅವಳ ಶೋಗ್ರೆನ್‌ಗೆ ಅದೇ ಕಾರಣ ಎನ್ನಲು ಯಾವ ಆಧಾರವೂ ಇಲ್ಲ. ಆದರೆ ಬಂದು ಹೋದ ಸೋಂಕು ಮೈಯ ಸೈನ್ಯವನ್ನು ಶಾಂತವಾಗಲು ಬಿಡದೆ ಇರಬಹುದು ಎನ್ನುವುದನ್ನು ಅವಳ ಪಾದದ ಗಂಟುಗಳೇ ಬಲ್ಲವು.

ಅದೇ ಜ್ವರ ಬಂದ ಓಣಿಯ ಎಲ್ಲರಿಗೂ ಬಾಯಿ ಒಣಗಲಿಲ್ಲವಲ್ಲ? ಸೌದೆ ಹಸಿಯಿದ್ದರೆ ಕಿಡಿ ಬಿದ್ದರೂ ಹೊತ್ತಿಕೊಳ್ಳುವುದಿಲ್ಲ. ಯಾರ ಮೈ ಒಣಸೌದೆ ಎನ್ನುವುದನ್ನು ಜೀನುಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಶೋಗ್ರೆನ್ ಜತೆ ನಂಟಿರುವ ಜೀನುಗಳಲ್ಲಿ ಇಂಟರ್‌ಫೆರಾನ್ ಎಬ್ಬಿಸುವಂಥವೂ ಇವೆ. ಇನ್ನು ಹೆಂಗಸರಿಗೇ ಯಾಕೆ ಎಂಬುದಕ್ಕೆ ಒಂದು ಉತ್ತರ ಎಕ್ಸ್ ವರ್ಣತಂತುವಿನಲ್ಲಿದೆ. ವೈರಸ್ಸಿನ ಆರ್‌ಎನ್‌ಎಯನ್ನು ಮೂಸಿ ಹಿಡಿಯುವ ಟಿಎಲ್‌ಆರ್7 ಎಂಬ ಜೀನು ಇರುವುದು ಅದರ ಮೇಲೆ. ಹೆಂಗಸರಲ್ಲಿ ಎಕ್ಸ್ ಎರಡಿವೆ. ಒಂದು ಸುಮ್ಮನಿರಬೇಕು, ಆದರೆ ಕೆಲವು ಬಿಳಿಕಣಗಳಲ್ಲಿ ಈ ಜೀನು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಎರಡು ಎಕ್ಸ್ ಇರುವ ಗಂಡಸರಲ್ಲಿ, ಮೂರು ಎಕ್ಸ್ ಇರುವ ಹೆಂಗಸರಲ್ಲಿ ಶೋಗ್ರೆನ್ ಹೆಚ್ಚು ಎನ್ನುವುದೂ ಈ ಮಾತಿಗೆ ಇಂಬು ಕೊಡುತ್ತದೆ.

ನನಗೆ ತಿಳಿದಮಟ್ಟಿಗೆ ಇಷ್ಟು ಹೇಳಬಹುದು: ವೈರಸ್ ಕಡ್ಡಿ ಗೀರುತ್ತದೆ, ಉರಿಯುವುದು ನಮ್ಮದೇ ಸೌದೆ. ಕಡ್ಡಿ ಗೀರಿದ್ದು ಒಂದೇ ವೈರಸ್ ಆಗಿರಬೇಕಿಲ್ಲ. ಎಪ್‌ಸ್ಟೈನ್-ಬಾರ್ ವಿರುದ್ಧದ ಲಸಿಕೆಗಳು ಪ್ರಯೋಗದ ಹಂತದಲ್ಲಿವೆ. ಅವು ಬಂದ ಮೇಲೆ, ಲಸಿಕೆ ಪಡೆದ ಪೀಳಿಗೆಯಲ್ಲಿ ಶೋಗ್ರೆನ್ ಇಳಿಯುತ್ತದೆಯೇ ಎಂದು ನೋಡಿದಾಗಲೇ ತೀರ್ಪು ಸಿಗುವುದು.

ಅಲ್ಲಿಯವರೆಗೆ ಕಾಯಿಲೆಯನ್ನು ಬೇಗ ಗುರುತಿಸುವುದಾದರೂ ನಮ್ಮ ಕೈಯಲ್ಲಿದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಭಾರತೀಯ ರೋಗಿಗಳ ದೊಡ್ಡ ಗುಂಪನ್ನು ಅಧ್ಯಯನ ಮಾಡಿದಾಗ, ಬಾಯಿ ಒಣಗುತ್ತದೆ, ಕಣ್ಣು ಒಣಗುತ್ತದೆ ಎಂದು ತಾವಾಗಿ ಹೇಳಿಕೊಂಡವರು ತೀರಾ ಕಡಿಮೆ. ಕೇಳಿದ ಮೇಲೆ ಹೇಳಿದರು. ನಮ್ಮ ಹೆಂಗಸರಿಗೆ ಇದು ಡಾಕ್ಟರಿಗೆ ಹೇಳುವ ಸಂಗತಿ ಅನ್ನಿಸುವುದೇ ಇಲ್ಲ. ಚಿಗವ್ವ ಆರು ವರ್ಷ ಕಳೆದುಕೊಂಡದ್ದೂ ಹೀಗೆಯೇ. ಈಗ ಅವಳು ದಿನಕ್ಕೆ ಆರು ಸಲ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾಳೆ, ಜೊಲ್ಲು ಬರಿಸುವ ಪೈಲೋಕಾರ್ಪಿನ್ ಮಾತ್ರೆ ನುಂಗುತ್ತಾಳೆ, ಉಳಿದ ಹಲ್ಲುಗಳಿಗೆ ಫ್ಲೋರೈಡ್ ಹಚ್ಚಿಸಿಕೊಳ್ಳುತ್ತಾಳೆ. ಕಿವಿಯ ಮುಂದೆ ಗ್ರಂಥಿ ಊದಿ ಇಳಿಯದೆ ಉಳಿದರೆ ತಡಮಾಡದೆ ಬರಬೇಕೆಂದು ಡಾಕ್ಟರು ಹೇಳಿದ್ದಾರೆ, ಲಿಂಫೋಮದ ಭಯಕ್ಕೆ.

ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ರೋ ಆಂಟಿಬಾಡಿ ತಾಯಿಯಿಂದ ಕರುಳಬಳ್ಳಿ ದಾಟಿ ಮಗುವಿನ ಎದೆಬಡಿತದ ತಂತುಗಳಿಗೆ ಪೆಟ್ಟು ಕೊಡಬಲ್ಲದು. ಅಂಥ ನೂರು ಬಸಿರಿನಲ್ಲಿ ಒಂದೆರಡರಲ್ಲಿ ಹೀಗಾಗುತ್ತದೆ. ಹದಿನಾರನೇ ವಾರದಿಂದ ಮಗುವಿನ ಹೃದಯವನ್ನು ಸ್ಕ್ಯಾನ್‌ನಲ್ಲಿ ಗಮನಿಸುತ್ತ ಬಂದರೆ ಮುಂಚೆಯೇ ತಿಳಿಯುತ್ತದೆ. ಆದ್ದರಿಂದ ರಕ್ತದಲ್ಲಿ ರೋ ಆಂಟಿಬಾಡಿ ಇದೆ ಎಂದು ಗೊತ್ತಿರುವವರು ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ನೀರಿಲ್ಲದೆ ಚಪಾತಿ, ರೊಟ್ಟಿ, ಅವಲಕ್ಕಿ ನುಂಗಲಾರೆ ಎನ್ನುತ್ತಿದ್ದರೆ, ರಾತ್ರಿ ನೀರು ಕುಡಿಯಲೆಂದೇ ಎರಡು ಮೂರು ಸಲ ಏಳುತ್ತಿದ್ದರೆ, ಮೂರು ತಿಂಗಳಿಂದ ಕಣ್ಣಲ್ಲಿ ಮರಳಿದೆ ಎನ್ನುತ್ತಿದ್ದರೆ, ಉಷ್ಣ ಎಂದು ಎಳನೀರು ಕೊಟ್ಟು ಸುಮ್ಮನಾಗಬೇಡಿ. ಮೊದಲು ಸಕ್ಕರೆ ಕಾಯಿಲೆ ನೋಡಿಸಿ, ಅವರು ನುಂಗುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಅವೆರಡೂ ಕಾರಣವಲ್ಲ ಎಂದಾದರೆ ರೋ, ಲಾ ಮತ್ತು ಹೆಪಟೈಟಿಸ್ ಸಿ, ಈ ಮೂರು ರಕ್ತಪರೀಕ್ಷೆ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.